ಹೊಗೆ ಕೆಮ್ಮಿಗೂ ಒಂದು ಲೆಕ್ಕ

ನಮ್ಮ ಗುಂಡ್ಲುಪೇಟೆ ಕಡೆ ಹೆಂಗಸರ ಕೆಮ್ಮನ್ನು ಯಾರೂ ಕಾಯಿಲೆ ಅಂತ ಎಣಿಸುವುದಿಲ್ಲ. ‘ಒಲೆ ಮುಂದೆ ಕೂತೋರಿಗೆ ಕೆಮ್ಮು ಬರದೆ ಇದ್ದದಾ?’ ಅಂದುಬಿಟ್ಟರೆ ಮುಗಿಯಿತು. ಬೀಡಿ ಸೇದದವರಿಗೆ ಶ್ವಾಸಕೋಶದ ತೊಂದರೆ ಎಲ್ಲಿಂದ ಬರಬೇಕು ಎಂಬ ನಂಬಿಕೆ ಬೇರೆ.

ನನ್ನ ನಾದಿನಿಯ ಮಗಳು ಚಾಮರಾಜನಗರದಲ್ಲಿ ಎಂಬಿಬಿಎಸ್ ಮುಗಿಸಿದ್ದಾಳೆ. ಶ್ವಾಸಕೋಶದ ವಿಷಯದಲ್ಲೇ ಎಂಡಿ ಮಾಡಿ, ಆಮೇಲೆ ಸಂಶೋಧನೆ ಮಾಡ್ತೀನಿ ಅಂತಾಳೆ. ಐದೂವರೆ ವರ್ಷ ಓದಿದ್ದಾಯಿತು, ಇನ್ನು ಮೂರು ವರ್ಷ, ಅದರ ಮೇಲೆ ಪಿಎಚ್‌ಡಿ. ‘ಡಾಕ್ಟ್ರಾದ್ಮೇಲೂ ಇನ್ನೇನು ಓದದು ಕೂಸೇ? ಕ್ಲಿನಿಕ್ ಹಾಕ್ಕೊಂಡು ರೋಗಿ ನೋಡಬಾರ್ದಾ?’ ಎಂದು ನಮ್ಮತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ಅವಳು ಕೊಟ್ಟ ಉತ್ತರ ಕೇಳಿ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಕೆಮ್ಮು, ಕಫದ ಬಗ್ಗೆ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯಲ್ಲಿ ಅಡುಗೆ, ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಬೇಕು. ಲೆಕ್ಕ 60 ಮುಟ್ಟಿತೆಂದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ಅಂದರೆ ದಿನಕ್ಕೆ 3 ಗಂಟೆಯಂತೆ 20 ವರ್ಷ. 18ಕ್ಕೆ ಮದುವೆಯಾಗಿ ಬಂದವಳು 38ಕ್ಕೇ ಆ ಗೆರೆ ಮುಟ್ಟುತ್ತಾಳೆ!

ಒಳಗೆ ಆಗುವುದೇನು? ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಧೂಳು, ರೋಗಾಣು ಏನೇ ಬಂದರೂ ನುಂಗುವುದು ಅವುಗಳ ಕೆಲಸ. ದಿನವೂ ಹೊಗೆ ನುಂಗಿ ನುಂಗಿ ಅವು ರೋಗಾಣುವನ್ನು ಸರಿಯಾಗಿ ನುಂಗಲಾರದೆ ಹೋಗುತ್ತವೆ. ಸಹಾಯಕ್ಕೆ ಬೇರೆ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಹಾಗೆ ಬಂದವು ಬಿಡುವ ರಸಗಳು ಗಾಳಿಚೀಲದ ಗೋಡೆಯನ್ನೇ ಸವೆಸುತ್ತವೆ. ಸವೆದ ಗೋಡೆ ಮತ್ತೆ ಬೆಳೆಯುವುದಿಲ್ಲ. ಅದನ್ನು ತಡೆಯುವ ದಾರಿ ಹುಡುಕುವುದೇ ಅವಳಿಗೆ ಬೇಕಾದ ಓದು.

ನಮ್ಮತ್ತೆಯ ಲೆಕ್ಕವನ್ನೂ ಅವಳೇ ಹಾಕಿದಳು. ದಿನಕ್ಕೆ 4 ಗಂಟೆ, 40 ವರ್ಷ: 160. ಅತ್ತೆ ಸುಮ್ಮನಾದರು. ಮರುವಾರವೇ ಸ್ಪೈರೋಮೆಟ್ರಿ, ಅದೇ ಊದುವ ಪರೀಕ್ಷೆ, ಮಾಡಿಸಿದೆವು. ಈಗ ದಿಂಬಿನ ಪಕ್ಕ ಇನ್ಹೇಲರ್ ಇದೆ.

ನೀವೂ ನಿಮ್ಮ ಮನೆಯ ಲೆಕ್ಕ ಹಾಕಿ. ಗ್ಯಾಸ್ ಬಂದಿದ್ದರೂ ಸ್ನಾನದ ಹಂಡೆಗೆ ಸೌದೆ ಹಾಕುವವರು ಯಾರು ಎಂದೂ ನೋಡಿ. ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಕಫದ ಕೆಮ್ಮು ಇದ್ದರೆ ಕಷಾಯ ಕುಡಿದು ಕೂರಬೇಡಿ, ವೈದ್ಯರಿಗೆ ತೋರಿಸಿ. ‘ನಾನು ಬೀಡಿ ಸೇದಲ್ಲ’ ಅನ್ನುವ ಜೊತೆಗೆ ಎಷ್ಟು ವರ್ಷ ಒಲೆ ಉರಿಸಿದ್ದೀರಿ ಎಂಬುದನ್ನೂ ಹೇಳಿ.