ಸಸಿ ತರಿಸುವುದು ಸಾಕು, ನಾವೇ ಹುಟ್ಟಿಸೋಣ

ಜೂನ್ 5 ಬಂತೆಂದರೆ ನಮ್ಮ ಕಡೆಯ ಶಾಲೆ-ಕಾಲೇಜುಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ಇದ್ದೇ ಇರುತ್ತದೆ. ಸಸಿಗಳು ಗಾಡಿಯಲ್ಲಿ ಬರುತ್ತವೆ, ಫೋಟೋ ತೆಗೆಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಆದರೆ ಆ ಸಸಿ ಯಾವ ಮರದ ಬೀಜದಿಂದ ಬಂತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಸೀಮೆಯ ವಿಶೇಷ ಗಿಡಗಳನ್ನು, ಅಪರೂಪವಾಗುತ್ತಿರುವ ಮರಗಳನ್ನು ಬೀಜದಿಂದ, ಕಡ್ಡಿಯಿಂದ ನಾವೇ ಬೆಳೆಸಲು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಹಡಗಲಿ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಮದುವೆಗೂ ಅದೇ, ಉರುಸಿಗೂ ಅದೇ, ಜಾತ್ರೆಗೂ ಅದೇ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜೊತೆಗೆ ಇದಕ್ಕೂ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಜಿಐ ಕಾಪಾಡುವುದು ಹೆಸರನ್ನು. ಗಿಡ ಉಳಿಯಬೇಕಾದರೆ ಯಾರಾದರೂ ಕಡ್ಡಿ ನೆಡಲೇಬೇಕು. ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಒಂದು ಗೇಣು ಕಡ್ಡಿ, ಅದರಲ್ಲಿ ಮೂರು-ನಾಲ್ಕು ಗೆಣ್ಣು. ಕೆಳಗಿನ ಎಲೆ ತೆಗೆದು, ಮರಳು, ಕೆಮ್ಮಣ್ಣು, ಗೊಬ್ಬರ ಬೆರೆಸಿದ ಚೀಲದಲ್ಲಿ ಊರಿ ನೆರಳಿನಲ್ಲಿಟ್ಟರೆ ಮಳೆಗಾಲದಲ್ಲಿ ಬೇರು ಬಿಡುತ್ತದೆ.

ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ತದ್ರೂಪು. ಹಾಗಾಗಿ ಹೂವಿನ ಪರಿಮಳ ಕೆಡದೆ ಉಳಿಯುತ್ತದೆ. ಆದರೆ ಎಲ್ಲವೂ ಒಂದೇ ಗುಣದ ಗಿಡಗಳಾದರೆ ಒಂದು ರೋಗ ಇಡೀ ತೋಟವನ್ನೇ ಹಿಡಿಯಬಹುದು. ಬೀಜದ ಗಿಡಗಳು ಹಾಗಲ್ಲ, ಒಂದರಂತೆ ಇನ್ನೊಂದು ಇರುವುದಿಲ್ಲ. ಕಾಡಿನ ಮರಗಳನ್ನು ಬೀಜದಿಂದ, ಅದೂ ಹಲವು ಮರಗಳ ಬೀಜದಿಂದ ಬೆಳೆಸಬೇಕು ಎನ್ನುವುದು ಇದಕ್ಕೇ.

ಶ್ರೀಗಂಧ ಅಂಥ ಮರ. 1792ರಲ್ಲಿ ಟಿಪ್ಪು ಸುಲ್ತಾನರು ಅದನ್ನು ರಾಜವೃಕ್ಷವೆಂದು ಸಾರಿದರು. ಇಂದು ಅದು ಅಪಾಯದಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. 2001ರ ತಿದ್ದುಪಡಿಯ ನಂತರ ಹೊಲದಲ್ಲಿ ಬೆಳೆದ ಗಂಧದ ಮರ ರೈತನದೇ, ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಇದರ ಹಣ್ಣಿನ ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಹಾಕಬೇಕು. ಮೊಳಕೆಗೆ ತಿಂಗಳಿಗಿಂತ ಹೆಚ್ಚು ಕಾಯಬೇಕಾದೀತು. ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಆಹಾರ ಹೀರುತ್ತದೆ, ಆದ್ದರಿಂದ ಅದೇ ಚೀಲದಲ್ಲಿ ಒಂದು ತೊಗರಿ ಗಿಡವೂ ಇರಬೇಕು. ಪುಸ್ತಕದಲ್ಲಿ ಅರೆಪರಾವಲಂಬಿ ಎಂದು ಬಾಯಿಪಾಠ ಮಾಡುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಒಂದು ಎಚ್ಚರಿಕೆ. ಅಪರೂಪದ ಗಿಡ ಎಂದು ಗುಡ್ಡದಿಂದ ಕಿತ್ತು ತರುವುದು ಸಂರಕ್ಷಣೆಯಲ್ಲ, ಅದು ಕಳವು. ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಂಥ ಜಾಗದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಬೀಜ ನಮ್ಮ ಹೊಲದ ಬದುವಿನಿಂದ ಬರಲಿ, ಕಡ್ಡಿ ಪರಿಚಯದವರ ತೋಟದಿಂದ ಕೇಳಿ ಪಡೆದದ್ದಾಗಿರಲಿ.

"ನಾವಿಲ್ಲಿ ಇರುವುದೇ ಎರಡು ವರ್ಷ, ಮೇಲೆ ಪರೀಕ್ಷೆ, ನೀರಿಗೂ ಬರ" ಎಂದು ಗೆಳೆಯರು ಹೇಳುತ್ತಾರೆ. ಮಾತು ನಿಜವೇ. ಆದರೆ ಕಡ್ಡಿ ಬೇರು ಬಿಡಲು, ಗಂಧದ ಸಸಿ ನೆಡುವಷ್ಟು ಬೆಳೆಯಲು ಎರಡು ವರ್ಷ ಬೇಕಿಲ್ಲ. ಚೀಲದ ಸಸಿಗೆ ದಿನಕ್ಕೊಂದು ಲೋಟ ನೀರು ಸಾಕು. ನಾವು ವುಜೂ ಮಾಡಿದ ನೀರು, ಕೈ ತೊಳೆದ ನೀರು ಸುಮ್ಮನೆ ಚರಂಡಿಗೆ ಹೋಗುತ್ತಿದೆ. ಸೋಪು ಬೆರೆಯದ ಆ ನೀರನ್ನು ಒಂದು ಡ್ರಮ್ಮಿಗೆ ತಿರುಗಿಸಿದರೆ ಸಣ್ಣ ನರ್ಸರಿಗೆ ಧಾರಾಳ. ನೆಟ್ಟ ಗಿಡದಿಂದ ಒಂದು ಹಕ್ಕಿ ತಿಂದರೂ ಅದು ಸದಕಾ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಗಂಧದ ಬೀಜವನ್ನು ಕಾಡಿನಲ್ಲಿ ಹರಡುವುದೂ ಹಕ್ಕಿಗಳೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಬೀಜ ತಂದರೂ ಸಾಕು. ಯಾವ ಬೀಜ, ಯಾವ ಊರು, ಯಾವ ದಿನ ಹಾಕಿದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ದ್ವಿತೀಯ ವರ್ಷದವರು ಹೋಗುವಾಗ ಅದನ್ನು ಪ್ರಥಮ ವರ್ಷದವರ ಕೈಗೆ ಕೊಟ್ಟು ಹೋಗಲಿ. ಪ್ರಯೋಗಾಲಯದ ಹಿಂದಿನ ನೆರಳಿನಲ್ಲಿ ಐವತ್ತು ಚೀಲ ಇಡುವಷ್ಟು ಜಾಗ ಕೊಡಬೇಕೆಂದು ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ. ಮಣ್ಣು ತರುವ ಕೆಲಸ ನಮಗಿರಲಿ.