ದಂಡ ಏರಿಸಿದರೆ ಸಾಲದು



ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ 2008ರ ಅಕ್ಟೋಬರ್ 2ರಿಂದಲೇ ದೇಶದಾದ್ಯಂತ ನಿಷೇಧವಿದೆ. ನಮ್ಮ ರಾಜ್ಯದಲ್ಲಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದ್ದೂ ಆಯಿತು. ಆದರೂ ನಮ್ಮೂರ ಬಸ್ ನಿಲ್ದಾಣದಲ್ಲಿ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕದ ಕೆಳಗೇ ಬೀಡಿ ತುಂಡುಗಳ ರಾಶಿ. ಪಕ್ಕದ ಗೂಡಂಗಡಿಯಲ್ಲಿ ಬಿಡಿ ಸಿಗರೇಟು, ಹಚ್ಚಿಕೊಳ್ಳಲು ದಾರಕ್ಕೆ ಕಟ್ಟಿದ ಲೈಟರ್.

‘ನನ್ನ ದುಡ್ಡು, ನನ್ನ ಚಟ’ ಎಂಬ ವಾದ ಮನೆಯೊಳಗೆ ನಡೆದೀತು (ಅಲ್ಲೂ ಹೆಂಡತಿ ಮಕ್ಕಳಿದ್ದಾರೆ!). ಬಸ್ಸಿಗೆ ಕಾದು ನಿಂತ ಬಸುರಿ ಆ ಹೊಗೆ ಯಾಕೆ ಕುಡಿಯಬೇಕು? ಧೂಮಪಾನ ಕಡಿಮೆಯಾದರೆ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ, ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಅನ್ನಕ್ಕೇನು ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಅವರಿಗೆ ಬೇರೆ ಬೆಳೆ, ಬೇರೆ ಕಸುಬಿನ ದಾರಿ ತೋರಿಸಬೇಕಾದದ್ದು ಸರ್ಕಾರ. ದಂಡ ಹಾಕಬೇಕಾದ ಅಧಿಕಾರಿಗಳು ವಾರಕ್ಕೊಮ್ಮೆಯಾದರೂ ರಸೀದಿ ಪುಸ್ತಕ ಹಿಡಿದು ನಿಲ್ದಾಣಕ್ಕೆ ಬರಲಿ.

– ನಿತ್ಯ ಪ್ರಯಾಣಿಕ