ಚಾಕು ಕೊಂಡು ಕೆಟ್ಟೆವು

ನಮ್ಮ ಅಡುಗೆಮನೆಯ ಎರಡನೆಯ ಡ್ರಾಯರಿನಲ್ಲಿ ಒಟ್ಟು ಹನ್ನೊಂದು ಚಾಕುಗಳಿವೆ. ಹೋದ ಭಾನುವಾರ ಎಲ್ಲವನ್ನೂ ಹೊರಗೆ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಮಲಗಿಸಿ ಎಣಿಸಿದೆ. ಈ ಹನ್ನೊಂದರಲ್ಲಿ ಹಣ್ಣಾದ ಟೊಮ್ಯಾಟೊವನ್ನು ಜಜ್ಜದೆ ಕುಯ್ಯುವಂಥವು ಎಷ್ಟು ಎಂದು ಕೇಳಿದರೆ, ನಾಚಿಕೆಯಿಂದಲೇ ಹೇಳುತ್ತೇನೆ, ಒಂದೂ ಇಲ್ಲ. ಎಲ್ಲವನ್ನೂ ದುಡ್ಡು ಕೊಟ್ಟೇ ಕೊಂಡದ್ದು. ನಿಮ್ಮ ಮನೆಯ ಡ್ರಾಯರನ್ನು ನಾನು ನೋಡಿಲ್ಲ, ನಿಜ. ಆದರೂ ಈ ಬಸವೇಶ್ವರನಗರದಲ್ಲಿ ಕೂತುಕೊಂಡೇ ಹೇಳುತ್ತೇನೆ, ಅಲ್ಲಿಯೂ ಇಂಥ ನಾಲ್ಕಾರು ಬಿದ್ದಿರುತ್ತವೆ. ಎಸೆಯಲು ಮನಸ್ಸು ಬಾರದು, ಬಳಸಲು ಕೈ ಬಾರದು.

ಚಾಕುವಿಗೂ ನನಗೂ ಇರುವ ವ್ಯಾಜ್ಯ ಶುರುವಾದದ್ದು ನನ್ನ ಹತ್ತನೆಯ ವಯಸ್ಸಿನಲ್ಲಿ. 1979 ಇರಬೇಕು, ನಾವಾಗ ರಾಜಾಜಿನಗರದಲ್ಲಿದ್ದೆವು. ಮಿಡ್ಲ್‌ಸ್ಕೂಲಿಗೆ ಹೋಗುತ್ತಿದ್ದ ಅಣ್ಣನಿಗೆ ಪೆನ್ಸಿಲ್ ಚೂಪು ಮಾಡಿಕೊಳ್ಳಲೆಂದು ಅಪ್ಪ ಒಂದು ಮಡಿಸುವ ಚಾಕು ತಂದುಕೊಟ್ಟರು. ಅದನ್ನು ಅವನು ನಿಕ್ಕರಿನ ಜೇಬಿಗೆ ಇಳಿಬಿಟ್ಟುಕೊಂಡು ಬೀದಿಯಲ್ಲಿ ಓಡಾಡಿದ ಗತ್ತು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ನನಗೂ ಬೇಕು ಎಂದು ಹಠ ಮಾಡಿದೆ. “ಜೇಬೇ ಇಲ್ಲದವಳಿಗೆ ಜೇಬಿನ ಚಾಕು ಯಾಕಮ್ಮಾ?” ಎಂದು ಅಪ್ಪ ನಕ್ಕರು. ಮಾತು ಸರಿಯೇ. ನನ್ನ ಲಂಗಕ್ಕೆ ಜೇಬಿರಲಿಲ್ಲ. ಆದರೆ ಪೆನ್ಸಿಲ್ ನನಗೂ ಇತ್ತಲ್ಲ? ಅದನ್ನು ಚೂಪು ಮಾಡಲು ನನಗೆ ಸಿಕ್ಕಿದ್ದು ಅಪ್ಪ ಗಡ್ಡ ಹೆರೆದು ಬಿಸಾಡಿದ ಬ್ಲೇಡಿನ ಅರ್ಧ ತುಂಡು. ಅದಕ್ಕೆ ಹಿಡಿ ಇಲ್ಲ, ಒರೆ ಇಲ್ಲ. ಹುಡುಗಿ, ಜೋಪಾನ ಎನ್ನುತ್ತಿದ್ದವರೇ ನನ್ನ ಬೆರಳಿಗೆ ಬರಿಯ ಬ್ಲೇಡು ಕೊಟ್ಟು, ಅಣ್ಣನ ಕೈಗೆ ಹಿಡಿಯಿರುವ ಚಾಕು ಕೊಟ್ಟಿದ್ದರು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ, 1993ರಲ್ಲಿ ಮೊದಲ ಸಂಬಳ ಬಂದಾಗ ಅಮ್ಮನಿಗೆ ಒಂದು ಸೀರೆ ತಂದೆ. ನನಗೆಂದು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಒಂದು ಮಡಿಸುವ ಚಾಕು ಕೊಂಡೆ. ಬೆಲೆ ನಲವತ್ತೈದು ರೂಪಾಯಿ, ಮುತ್ತಿನ ಚಿಪ್ಪಿನಂತೆ ಹೊಳೆಯುವ ಪ್ಲಾಸ್ಟಿಕ್ ಹಿಡಿ. ವ್ಯಾನಿಟಿ ಬ್ಯಾಗಿನಲ್ಲಿ ಅದು ಇದೆ ಎಂಬ ಗುಟ್ಟೇ ಒಂದು ಸಂತೋಷವಾಗಿತ್ತು. ಆ ವರ್ಷ ಎಂಟನೇ ಕ್ಲಾಸಿನ ಹುಡುಗಿಯರನ್ನು ಕರೆದುಕೊಂಡು ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಹೋಗಿದ್ದೆವು. ಬುತ್ತಿ ಬಿಚ್ಚುವ ಹೊತ್ತಿಗೆ ಸೌತೆಕಾಯಿ ಹೆಚ್ಚಲು ಯಾರ ಬಳಿಯೂ ಏನೂ ಇಲ್ಲ. ನಾನು ಜಂಬದಿಂದ ನನ್ನ ಚಾಕು ತೆಗೆದೆ. ಹುಡುಗಿಯರೆಲ್ಲ “ಹೋ” ಎಂದರು. ಮೂರನೆಯ ಸೌತೆಕಾಯಿಗೆ ಸ್ವಲ್ಪ ಒತ್ತಿದ್ದೇ ತಡ, ಅಲಗು ತನ್ನಷ್ಟಕ್ಕೆ ತಾನೇ ಮಡಿಸಿಕೊಂಡು ನನ್ನ ತೋರುಬೆರಳಿನ ಮೇಲೆ ಕೂತಿತು. ಬಿಚ್ಚಿದ ಅಲಗನ್ನು ತಡೆದು ನಿಲ್ಲಿಸುವ ಕೊಂಡಿ ಅದಕ್ಕೆ ಇರಲೇ ಇಲ್ಲ. ಬೆನ್ನಿನ ಸ್ಪ್ರಿಂಗು ಸಡಿಲ. ಸೌತೆಕಾಯಿಗೆ ಮೊಂಡಾಗಿದ್ದ ಚಾಕು ನನ್ನ ಬೆರಳಿಗೆ ಮಾತ್ರ ಹೇಗೆ ಹರಿತವಾಯಿತೋ! ಗುರುತು ಇನ್ನೂ ಇದೆ, ಸೀಮೆಸುಣ್ಣ ಹಿಡಿದಾಗ ಕಾಣಿಸುತ್ತದೆ.

ನಮ್ಮ ಯಜಮಾನರ ಬಳಿ ಇರುವುದು ಇನ್ನೂ ದೊಡ್ಡ ಆಸಾಮಿ. ಕೆಂಪು ಹಿಡಿ, ಹದಿಮೂರು ಉಪಕರಣ. ಅದರಲ್ಲಿ ಬಾಟಲಿಯ ಬಿರಟೆ ತೆಗೆಯುವ ತಿರುಪು ಇದೆ, ಬಿರಟೆ ಹಾಕಿದ ಬಾಟಲಿ ನಮ್ಮ ಮನೆಯ ಹೊಸಿಲು ದಾಟಿಲ್ಲ. ಹಲ್ಲುಕಡ್ಡಿ ಇದೆ, ಕತ್ತರಿ ಇದೆ. ಅಲಗೂ ಒಂದಿದೆ, ಅದರಿಂದ ಅವರು ಇದುವರೆಗೆ ಕುಯ್ದದ್ದು ಕೊರಿಯರ್ ಕವರುಗಳನ್ನು ಮಾತ್ರ, ಅದೂ ಎರಡು ಸಲ ಎಳೆದ ಮೇಲೆ. ಅಸಲಿ ಅಂದುಕೊಂಡು ಕೊಂಡರು, ನಕಲಿ ಎಂದು ಆಮೇಲೆ ತಿಳಿಯಿತು. ಅಸಲಿಯ ಕಥೆ ಬೇರೆಯೇ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬ ಕಸುಬುದಾರ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಮಡಿಸುವ ಚಾಕು ಒದಗಿಸಲು ಶುರು ಮಾಡಿದ. 1909ರಲ್ಲಿ ತಾಯಿ ತೀರಿಕೊಂಡಾಗ ಆಕೆಯ ವಿಕ್ಟೋರಿಯಾ ಎಂಬ ಹೆಸರನ್ನೇ ತನ್ನ ಸರಕಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಆ ಹೆಸರು ವಿಕ್ಟೋರಿನಾಕ್ಸ್ ಎಂದಾಯಿತು. ಲೋಕದ ಗಂಡಸರೆಲ್ಲ ಜೇಬಿನಲ್ಲಿ ಇಟ್ಟುಕೊಂಡು ಮೆರೆಯುವ ಚಾಕುವಿಗೆ ಒಬ್ಬ ಅಮ್ಮನ ಹೆಸರು! ಇದನ್ನು ಯಜಮಾನರಿಗೆ ಹೇಳಿದರೆ, “ಹೌದಾ?” ಎಂದು ಪೇಪರಿನ ಇನ್ನೊಂದು ಪುಟ ತಿರುಗಿಸಿದರು.

ಉಳಿದವು ನನ್ನದೇ ಪಾಪದ ಫಲ. ಮರದ ದಿಮ್ಮಿಯಲ್ಲಿ ಸಿಕ್ಕಿಸಿಟ್ಟ ಐದು ಚಾಕುಗಳ ಸೆಟ್ಟು ಹಬ್ಬದ ರಿಯಾಯಿತಿಯಲ್ಲಿ ಬಂತು. “ಜೀವಮಾನವಿಡೀ ಸಾಣೆ ಬೇಡ” ಎಂದು ಡಬ್ಬದ ಮೇಲೆ ಬರೆದಿತ್ತು. ಆರು ತಿಂಗಳಲ್ಲಿ ಅವು ಬೆಣ್ಣೆ ಸವರಲು ಲಾಯಕ್ಕಾದವು. ಮತ್ತೆರಡು ಟಿ.ವಿ. ನೋಡಿ ತರಿಸಿದ್ದು. ಅದರಲ್ಲಿ ಒಬ್ಬ ಮನುಷ್ಯ ಮೊದಲು ಬೂಟನ್ನು ಕುಯ್ದು, ಆಮೇಲೆ ಅದೇ ಚಾಕುವಿನಿಂದ ಟೊಮ್ಯಾಟೊ ಕುಯ್ಯುತ್ತಿದ್ದ. ನಮ್ಮ ಮನೆಯಲ್ಲಿ ಬೂಟಿನ ಹುಳಿ ಮಾಡುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ನನಗೇಕೆ ಹೊಳೆಯಲಿಲ್ಲವೋ.

ಇಲ್ಲಿಯವರೆಗೆ ನಗುವ ಮಾತಾಯಿತು. ಮುಂದಿನದು ಅಲ್ಲ.

2022ರ ಆಯುಧಪೂಜೆಯ ದಿನ. ಬೆಳಿಗ್ಗೆಯೇ ಕಾರು ತೊಳೆದು, ಮೂತಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಸ್ಕೂಟರಿಗೆ ಕುಂಕುಮ, ಮಗನ ಲ್ಯಾಪ್‌ಟಾಪಿಗೂ ಕುಂಕುಮ. ಅಡುಗೆಮನೆಯಲ್ಲಿ ನಮ್ಮ ಮನೆಗೆ ಹದಿನೈದು ವರ್ಷದಿಂದ ಕೆಲಸಕ್ಕೆ ಬರುವ ಅಗ್ರಹಾರ ದಾಸರಹಳ್ಳಿಯ ಹೆಂಗಸು ಹುಳಿಗೆಂದು ಸಿಹಿಗುಂಬಳ ಹೆಚ್ಚುತ್ತಿದ್ದಳು. ಗಟ್ಟಿ ಕಾಯಿ, ಮೊಂಡು ಚಾಕು. ಎರಡೂ ಕೈಯಿಂದ ಅದುಮಿದಳು. ಚಾಕು ಸಿಪ್ಪೆಯ ಮೇಲೆ ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ನಾಲ್ಕು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ಆಕೆ ನನಗೆ ಹೇಳಿದ್ದು ಏನು ಗೊತ್ತೇ? “ನಂದೇ ತಪ್ಪು ಕಣಮ್ಮಾ, ಆತುರ ಮಾಡ್ಬಿಟ್ಟೆ.” ಹತ್ತು ದಿನ ಕೈಗೆ ನೀರು ಸೋಕಿಸುವಂತಿಲ್ಲ ಎಂದರು ಡಾಕ್ಟರು. ನಾವೇನೋ ಆ ದಿನಗಳ ಸಂಬಳ ಕೊಟ್ಟೆವು. ಆಕೆ ಹೋಗುವ ಇನ್ನೆರಡು ಮನೆಗಳಲ್ಲಿ ಹಿಡಿದುಕೊಂಡರು.

ತಪ್ಪು ಆಕೆಯದಲ್ಲ. ಆ ಚಾಕು ತಂದವಳು ನಾನು. ಅಷ್ಟೇ ಅಲ್ಲ, ಇದ್ದುದರಲ್ಲಿ ವಾಸಿ ಎನ್ನುವಂಥದ್ದನ್ನು ನನ್ನ ಕೈಗೆಂದು ಎತ್ತಿಟ್ಟುಕೊಂಡು, ಕೆಲಸಕ್ಕೆ ಬರುವವರ ಕೈಗೆ ಕೆಟ್ಟದ್ದನ್ನು ಬಿಡುತ್ತಿದ್ದವಳೂ ನಾನೇ. “ಹರಿತ ಇದ್ದರೆ ಕೈ ಕುಯ್ದುಕೊಳ್ಳುತ್ತಾರೆ, ಮೊಂಡಾಗಿದ್ದರೇ ಕ್ಷೇಮ” ಎಂದು ನಮ್ಮತ್ತೆ ಹೇಳುತ್ತಿದ್ದರು, ನಿಮ್ಮತ್ತೆಯೂ ಹೇಳಿರಬಹುದು. ಇದು ಶುದ್ಧ ತಪ್ಪು. ಹರಿತವಾದದ್ದು ಹಿಡಿದ ಜಾಗದಲ್ಲೇ ಇಳಿಯುತ್ತದೆ. ಮೊಂಡಾದದ್ದಕ್ಕೆ ಮೈಭಾರ ಹಾಕಬೇಕು, ಹಾಕಿದಾಗ ಅದು ಜಾರುತ್ತದೆ, ಜಾರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಆದರೆ ಹೆಂಗಸು ಕೈ ಕುಯ್ದುಕೊಂಡರೆ “ಗಮನ ಎಲ್ಲಿತ್ತು?” ಎಂದು ಕೇಳುತ್ತಾರೆಯೇ ಹೊರತು, “ಚಾಕು ಎಂಥದ್ದು?” ಎಂದು ಯಾರೂ ಕೇಳುವುದಿಲ್ಲ. ಬ್ರೇಕ್ ಹಿಡಿಯದ ಸ್ಕೂಟರನ್ನು ಯಜಮಾನರು ಒಂದು ದಿನವಾದರೂ ಓಡಿಸುತ್ತಾರೆಯೇ? ಅವತ್ತೇ ಮೆಕ್ಯಾನಿಕ್ಕಿನ ಮುಂದೆ ನಿಂತಿರುತ್ತಾರೆ.

ಅವತ್ತಿನಿಂದ ಚಾಕು ಏಕೆ ಕುಯ್ಯುವುದಿಲ್ಲ ಎಂದು ಓದಲು ಹೊರಟೆ. ನಾನು ಕನ್ನಡ, ಸಮಾಜ ಪಾಠ ಮಾಡುವವಳು. ವಿಜ್ಞಾನದ ಟೀಚರನ್ನು ಕಾಡಿಸಿ ತಿಳಿದುಕೊಂಡೆ. ನಮ್ಮ ಪಾತ್ರೆಗಳ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದಂತೆ. ಹುಣಿಸೆಹಣ್ಣಿಗೂ ಉಪ್ಪಿಗೂ ಜಗ್ಗುವುದಿಲ್ಲ, ಪಾತ್ರೆಗೆ ಬಹಳ ಒಳ್ಳೆಯದು. ಆದರೆ ಆ ಲೋಹವನ್ನು ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಗಡಸಾಗುವುದಿಲ್ಲ. ಅಲಗು ಗಡಸಾಗಬೇಕಾದರೆ ಉಕ್ಕಿನೊಳಗೆ ಸಾಕಷ್ಟು ಇಂಗಾಲ ಇರಬೇಕು, ಕಾಯಿಸಿ ಅದ್ದಬೇಕು, ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರಬೇಕು. ಕಮ್ಮಾರರು ಇದಕ್ಕೆ ಹದ ಎಂದೇ ಅನ್ನುತ್ತಾರೆ. ಮೈಸೂರುಪಾಕಿನ ಹದ ಕೆಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಚಾಕುವಿಗೆ ಒಗ್ಗುವ ಸ್ಟೇನ್‌ಲೆಸ್ ಉಕ್ಕನ್ನು ಮಾಡಿದಾಗ, ಅಲ್ಲಿನ ಚಾಕು ಮಾಡುವವರಿಗೆ ಅದರ ಹದ ಸಿಗಲಿಲ್ಲ. ಕುಯ್ಯದ ಚಾಕು ಕಂಡುಹಿಡಿದವನು ಎಂದು ಅವನನ್ನು ಗೇಲಿ ಮಾಡಿದರಂತೆ. ಅವರು ಬೇಗ ಕಲಿತುಕೊಂಡರು. ನನ್ನ ಡ್ರಾಯರಿಗೆ ಸರಕು ಕಳಿಸಿದವರು ಇನ್ನೂ ಕಲಿತಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಾನು ದಿನಾ ಮನೆಯಿಂದ ವಿಜಯನಗರದ ಸ್ಕೂಲಿಗೆ ಹೋಗುವಾಗ ಮಾಗಡಿ ರಸ್ತೆ ದಾಟುತ್ತೇನೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಆಗ ಮಾಗಡಿ ಕಡೆಯ ಹಳ್ಳಿಗಳಲ್ಲಿ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆಗೆ ಆವರಿಕೆ ಗಿಡದ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಇಂಗಾಲ ಬರುತ್ತಿದ್ದುದು ಆ ಕಡ್ಡಿಯಿಂದ, ಎಲೆಯಿಂದ. ಲೋಕವೆಲ್ಲ ವೂಟ್ಜ್ ಎಂದು ಕೊಂಡಾಡಿದ ಉಕ್ಕು ಇಂಥದ್ದೇ; ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಬಹಳ ವಿದ್ವಾಂಸರು ಹೇಳುತ್ತಾರೆ. ಅಂಥ ಸೀಮೆಯ ದಾರಿಯಲ್ಲಿ ಮನೆ ಮಾಡಿಕೊಂಡು ನಾನು ಟೊಮ್ಯಾಟೊ ಜಜ್ಜುತ್ತಿದ್ದೇನೆ.

ಸಾಣೆ ಹಿಡಿಸಬಾರದಿತ್ತೇ ಎನ್ನುತ್ತೀರಿ. ರಾಜಾಜಿನಗರದಲ್ಲಿ ನಾವಿದ್ದಾಗ ಸೈಕಲ್ಲಿಗೆ ಕಲ್ಲು ಕಟ್ಟಿಕೊಂಡು “ಸಾಣೇ, ಚಾಕು ಕತ್ತರಿ ಸಾಣೇ” ಎಂದು ಕೂಗುತ್ತಾ ಬರುವವನೊಬ್ಬನಿದ್ದ. ಈಗ ನಮ್ಮ ಬೀದಿಗೆ ಯಾರೂ ಬರುವುದಿಲ್ಲ. ದಿಮ್ಮಿಯ ಸೆಟ್ಟಿನ ದೊಡ್ಡ ಚಾಕುವನ್ನು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿಗೆ ಒಯ್ದೆ. ಹುಡುಗ ಒಳ್ಳೆಯವನು, ಕಾಸೂ ಕೇಳಲಿಲ್ಲ. ಗರಗರ ತಿರುಗುವ ಚಕ್ರಕ್ಕೆ ಒತ್ತಿ ಹಿಡಿದ. ಕಿಡಿ ಹಾರಿತು, ಅಲಗಿನ ಅಂಚು ನೀಲಿಯಾಯಿತು. ಚೆನ್ನಾಗಿದೆಯಲ್ಲ ಬಣ್ಣ ಎಂದುಕೊಂಡೆ. ಅಂಚು ನೀಲಿಯಾದರೆ ಅತಿಯಾಗಿ ಕಾದು, ಇದ್ದಬದ್ದ ಹದವೂ ಹೋಯಿತೆಂದು ಅರ್ಥ. ಅದೂ ಆಮೇಲೆ ತಿಳಿದದ್ದು.

ಹಾಗೆಂದು ಅಮ್ಮನ ಈಳಿಗೆಮಣೆಯೇ ವಾಸಿಯಿತ್ತು ಎಂದು ಹಾಡಿ ಹೊಗಳಲು ನಾನು ತಯಾರಿಲ್ಲ. ಅದು ಕುಯ್ಯುತ್ತಿತ್ತು, ಒಪ್ಪುತ್ತೇನೆ. ಆದರೆ ಅದರ ಮುಂದೆ ಒಂದು ಕಾಲು ಮಡಿಸಿ ಕೂತು ಕೂತು ಅಮ್ಮನ ಮಂಡಿ ಸವೆದದ್ದನ್ನೂ ಕಂಡಿದ್ದೇನೆ. ನನ್ನ ಸೊಂಟ ಈಗ ನೆಲಕ್ಕೆ ಬಗ್ಗುವುದಿಲ್ಲ. ನಿಂತು ಹೆಚ್ಚಲು ಒಂದು ಒಳ್ಳೆಯ ಚಾಕು ಬೇಕು, ಅಷ್ಟೇ.

ಕೊನೆಗೆ ಮಾಗಡಿಯಲ್ಲಿ ಕುಡುಗೋಲು, ಮಚ್ಚು ಮಾಡುವ ಒಬ್ಬರ ಬಳಿ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಒಂದು ಚಾಕು ಹೊಡೆಸಿದೆ. ಮುನ್ನೂರೈವತ್ತು ರೂಪಾಯಿ. ನೋಡಲು ಕಪ್ಪು, ಹಿಡಿ ಒರಟು. ಒದ್ದೆ ಬಿಟ್ಟರೆ ಬೆಳಗಾಗುವುದರಲ್ಲಿ ತುಕ್ಕು, ಬಾಳೆಕಾಯಿ ಹೆಚ್ಚಿದರೆ ಮೈಯೆಲ್ಲ ಕಲೆ. ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಮೊಳೆಗೆ ನೇತು ಹಾಕಬೇಕು. ವಾರಕ್ಕೊಮ್ಮೆ ಕಲ್ಲಿಗೆ ಉಜ್ಜುತ್ತೇನೆ. ಆದರೆ ಕುಂಬಳ ಅದರ ಕೆಳಗೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಈಗ ಯಾರು ಹೆಚ್ಚಿದರೂ ಅದೇ ಚಾಕು.

ಎಲ್ಲರೂ ಮಾಗಡಿಗೆ ಹೋಗಿ ಎನ್ನುತ್ತಿಲ್ಲ. ನಾವು ಚಿನ್ನಕ್ಕೆ ಹಾಲ್‌ಮಾರ್ಕ್ ಕೇಳುತ್ತೇವೆ, ಅದು 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಸೀರೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಸೆರಗು ತಿರುಗಿಸಿ ಜರಿ ನೋಡದೆ ಸೀರೆ ಕೊಳ್ಳುವ ಹೆಂಗಸು ಮಲ್ಲೇಶ್ವರದಿಂದ ಕೆಂಗೇರಿಯವರೆಗೆ ಹುಡುಕಿದರೂ ಸಿಗಲಾರಳು. ದಿನಕ್ಕೆ ಎರಡು ಹೊತ್ತು ಕೈಯಲ್ಲಿ ಹಿಡಿಯುವ ಚಾಕುವನ್ನು ಮಾತ್ರ ಹಿಡಿಯ ಬಣ್ಣ ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ನನ್ನ ಹನ್ನೊಂದರಲ್ಲಿ ಒಂದರ ಮೇಲಾದರೂ ಇದು ಎಂಥ ಉಕ್ಕು ಎಂದು ಬರೆದಿಲ್ಲ. ಬರೆಯಲಿ ಎಂದು ನಾವು ಕೇಳಿಯೂ ಇಲ್ಲ. ಸ್ಕೂಲಿನ ಲ್ಯಾಬಿನಿಂದ ಒಂದು ಅಯಸ್ಕಾಂತ ತಂದು ಹಿಡಿದು ನೋಡಿದೆ. ಮೂರಕ್ಕೆ ಅದು ಅಂಟಲೇ ಇಲ್ಲ, ಅಂದರೆ ಅವು ಅಪ್ಪಟ ಪಾತ್ರೆ ಸ್ಟೀಲು. ಅಂಟಿದವೆಲ್ಲ ಒಳ್ಳೆಯವೇ ಎಂದೇನಿಲ್ಲ, ಅಂಟದ್ದನ್ನಂತೂ ಕೊಳ್ಳಬೇಡಿ.

ಮೊನ್ನೆ ಮಗಳ ಮನೆಗೆಂದು ಚಾಕು ಕೊಳ್ಳಲು ವಿಜಯನಗರದ ಒಂದು ಪಾತ್ರೆ ಅಂಗಡಿಗೆ ಹೋದೆ. ಬ್ಯಾಗಿನಲ್ಲಿ ಅಯಸ್ಕಾಂತವೂ ಒಂದು ಹಣ್ಣು ಟೊಮ್ಯಾಟೊವೂ ಇದ್ದವು. ಒಂದು ಅಂಟಿದ ಚಾಕು ಆರಿಸಿ, “ಸ್ವಲ್ಪ ಕುಯ್ದು ನೋಡಲೇ?” ಎಂದೆ. ಅಂಗಡಿಯವರು ನಕ್ಕರು. “ಮೇಡಂ, ಸೀಲ್ ಪೀಸು, ಕುಯ್ದ್ರೆ ನಾನು ಆಮೇಲೆ ಯಾರಿಗೆ ಮಾರ್ಲಿ?” “ಕುಯ್ಯೋದಿಲ್ಲ ಅಂದ್ರೆ ನಾನು ಇದನ್ನ ಏನು ಮಾಡ್ಲಿ?” ಎಂದೆ. ಪಕ್ಕದಲ್ಲಿ ಇಡ್ಲಿ ತಟ್ಟೆ ನೋಡುತ್ತಿದ್ದ ಹೆಂಗಸೊಬ್ಬರು ತಟ್ಟೆ ಕೆಳಗಿಟ್ಟು, “ಅವರು ಕೇಳೋದು ಸರಿಯಾಗೇ ಇದೆಯಲ್ಲ, ಕುಯ್ದು ತೋರಿಸಿ, ನಾನೂ ನೋಡ್ತೀನಿ” ಎಂದರು. ಅಂಗಡಿಯವರು ಒಪ್ಪಲಿಲ್ಲ. ನಾವಿಬ್ಬರೂ ಏನೂ ಕೊಳ್ಳದೆ ಹೊರಗೆ ಬಂದೆವು. ಬಸ್‌ಸ್ಟಾಪಿನವರೆಗೆ ಜೊತೆಯಲ್ಲೇ ನಡೆಯುತ್ತಾ ಆಕೆ ತಮ್ಮ ಮನೆಯ ಚಾಕುಗಳ ಲೆಕ್ಕ ಹೇಳಿದರು. ಅವರದು ಹದಿನಾಲ್ಕಂತೆ. ಟೊಮ್ಯಾಟೊ ಸಂಜೆಯ ಸಾರಿಗೆ ಬಿತ್ತು.